ಮಂಗಳೂರಿನ ಜುಲೈಯಲ್ಲಿ ಹೇರ್‌ಸ್ಪ್ರೇ ಚಿಪ್ಪಿಂಗ್: ಝಾಕು ಮೇಲೆ ನನ್ನ ಅನುಭವ

ಹೇರ್‌ಸ್ಪ್ರೇ ಚಿಪ್ಪಿಂಗ್ ಅಂದರೆ ಅಡಿಬಣ್ಣದ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಇನ್ನೊಂದು ಬಣ್ಣ ಹೊಡೆದು, ನೀರು ತಾಗಿಸಿ ಮೇಲಿನ ಬಣ್ಣವನ್ನು ಅಲ್ಲಲ್ಲಿ ಎಬ್ಬಿಸುವುದು. ಕರಾವಳಿಯ ಮಳೆಗಾಲದಲ್ಲಿ ಇದು ಆಗುವ ಮಾತೇ ಅಲ್ಲ, ನವೆಂಬರ್ ತನಕ ಕಾಯಿರಿ ಅಂತ ನನಗಿಂತ ಹಳಬರೇ ಹೇಳಿದ್ದರು. ಆಗುತ್ತದೆ. ಬಂಡಾಯ್‌ನ ಎಚ್‌ಜಿ 1/144 ಝಾಕು (ಗುಂಡಮ್ ಎಂಬ ಜಪಾನಿ ಅನಿಮೆಯ ಯುದ್ಧಯಂತ್ರದ ಪ್ಲಾಸ್ಟಿಕ್ ಕಿಟ್, 144ರಲ್ಲಿ ಒಂದು ಪಾಲು ಅಳತೆ) ಮುಗಿದಿದೆ. ಹಸಿರು ಎದ್ದಲ್ಲೆಲ್ಲ ಅಡಿಯ ತುಕ್ಕು ಕಾಣುತ್ತದೆ, ಒಂದು ಚುಕ್ಕೆಯನ್ನೂ ಬ್ರಷ್ಷಿನಲ್ಲಿ ಬರೆದಿಲ್ಲ.

ಝಾಕುವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಕತೆಯ ಪ್ರಕಾರ ನಾಯಕನ ಯಂತ್ರ ಗುಂಡಮ್‌ನ ಕವಚ ಟೈಟಾನಿಯಂ ಮಿಶ್ರಲೋಹ, ಝಾಕುವಿನದ್ದು ಉಕ್ಕು. ಗುಂಡಮ್‌ಗೆ ಕಂದು ತುಕ್ಕು ಹಚ್ಚಿದವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಜೋಡಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೋಳು, ಕಾಲುಗಳ ಸೀಮ್ ಲೈನಿಗೆ (ಎರಡು ಅರ್ಧಗಳು ಕೂಡುವ ಗೆರೆ) ತೆಳು ಸಿಮೆಂಟ್, ಅಂದರೆ ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ದ್ರವ, ಬಿಟ್ಟು ಒತ್ತಿ, ಕರಗಿದ ಪ್ಲಾಸ್ಟಿಕ್ ಎಳ್ಳಿನಷ್ಟು ಹೊರಗೆ ಬರಬೇಕು. ಎರಡು ದಿನ ಮುಟ್ಟದೆ ಬಿಟ್ಟು 400, 600, 1000 ನಂಬರಿನ ಮರಳು ಕಾಗದದಲ್ಲಿ ಉಜ್ಜಿದೆ. ಭುಜದ ಕೀಲು ಕೂರುವ ಜಾಗವನ್ನು ಮೊದಲೇ ಸ್ವಲ್ಪ ಸವೆಸಿಡಿ, ಇಲ್ಲದಿದ್ದರೆ ಬಣ್ಣದ ದಪ್ಪಕ್ಕೆ ಕೀಲು ಬಿಗಿಯಾಗಿ, ತಿರುಗಿಸಿದ ಕೂಡಲೇ ಕೆರೆದುಹೋಗುತ್ತದೆ.

ನಾಲ್ಕು ಸಲ ಹಾಳಾಯಿತು. ಮೊದಲ ಸಲ ಇಡೀ ದೇಹಕ್ಕೆ ಒಂದೇ ದಿನ ಹೇರ್‌ಸ್ಪ್ರೇ ಹೊಡೆದು, ಮರುದಿನ ಹಸಿರು ಹಾಕಿದೆ. ರಾತ್ರಿಯಿಡೀ ಹೇರ್‌ಸ್ಪ್ರೇ ಗಾಳಿಯ ತೇವ ಹೀರಿ ಅಂಟಂಟಾಗಿತ್ತು. ನೀರು ತಾಗಿಸಿದ್ದೇ ತಡ, ಉಗುರಗಲದ ಹಾಳೆ ಹಾಳೆಯಾಗಿ ಹಸಿರು ಎದ್ದು ಬಂತು. ಎರಡನೇ ಸಲ ಡಬ್ಬಿಯಿಂದ ನೇರ ಹೊಡೆದದ್ದು ದಪ್ಪವಾಗಿ, ಮೇಲಿನ ಬಣ್ಣ ಬೇಸಿಗೆ ಕೆರೆಯ ಹಾಗೆ ಬಿರುಕುಬಿಟ್ಟಿತು. ಮೂರನೇ ಸಲ ಹಸಿರು ನಯವಾಗಿ ಕೂರಲಿ ಎಂದು ಲ್ಯಾಕರ್ ಥಿನ್ನರ್ ಬೆರೆಸಿದೆ. ಅದು ಕಚ್ಚಿಕೊಂಡ ಪರಿ ಹೇಗಿತ್ತೆಂದರೆ, ಉಜ್ಜಿ ಉಜ್ಜಿ ಕೊನೆಗೆ ಬರೀ ಪ್ಲಾಸ್ಟಿಕ್ಕೇ ಕಂಡಿತು. ನಾಲ್ಕನೆಯದು ದುಬಾರಿ ತಪ್ಪು: ಅಡಿಯ ಕಂದು ಬಣ್ಣಕ್ಕೆ ಕಾರ್ ಪೇಂಟಿನವರ ಎನ್‌ಸಿ ಥಿನ್ನರ್ ಜಾಸ್ತಿ ಸುರಿದು ಭುಜದ ಗೆರೆಗಳೆಲ್ಲ ಕರಗಿದವು. ಇನ್ನೊಂದು ಕಿಟ್ ತರಿಸಬೇಕಾಯಿತು, ಹೆಚ್ಚುಕಮ್ಮಿ ಎರಡು ಸಾವಿರ. ಎನ್‌ಸಿ ಏನಿದ್ದರೂ ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಚಿಮುಕಿಸುವ ಸಲಕರಣೆ) ತೊಳೆಯಲು.

ದಾರಿ ತೋರಿಸಿದ್ದು ಒಂದು ರಟ್ಟಿನ ಪೆಟ್ಟಿಗೆ ಮತ್ತು 40 ವ್ಯಾಟಿನ ಹಳೇ ಬಲ್ಬು. ಹೊರಗೆ 27 ಡಿಗ್ರಿ, ತೇವ ಶೇ. 90ರ ಹತ್ತಿರ ಇರುವಾಗ ಪೆಟ್ಟಿಗೆಯೊಳಗೆ 40 ಡಿಗ್ರಿ ಬಂದರೆ ಅದೇ ಗಾಳಿಯ ತೇವ 45ರ ಆಸುಪಾಸಿಗೆ ಇಳಿಯುತ್ತದೆ. ಇನ್ನೂರು ರೂಪಾಯಿಯ ಹೈಗ್ರೋಮೀಟರ್ ಒಳಗಿಟ್ಟು ನೋಡಿದ್ದೇನೆ. 45 ಡಿಗ್ರಿ ದಾಟಲು ಬಿಡಬೇಡಿ, ಬಲ್ಬು ರಟ್ಟಿಗೂ ಭಾಗಗಳಿಗೂ ತಾಗಬಾರದು. ಸ್ಪ್ರೇ ಮಾಡುವುದು ಬೇರೆ ಕೋಣೆಯಲ್ಲಿ. ಹಸಿ ಲ್ಯಾಕರ್, ಹಸಿ ಹೇರ್‌ಸ್ಪ್ರೇ ಯಾವುದನ್ನೂ ವಾಸನೆ ಹೋಗುವ ಮೊದಲು ಬಲ್ಬಿನ ಹತ್ತಿರ ತರಬೇಡಿ, ಆ ಆವಿಗೆ ಬೆಂಕಿ ಹತ್ತುತ್ತದೆ.

ಈಗ ಮಾಡುವ ಕ್ರಮ ಹೀಗೆ. ಅಡಿಗೆ ಕಂದು ಲ್ಯಾಕರ್, ಲೆವೆಲಿಂಗ್ ಥಿನ್ನರ್‌ನಲ್ಲಿ. ನಿಧಾನ ಆರುವುದರಿಂದ ಬಿಳಿ ಮಂಜು ಕಟ್ಟುವುದು ಕಡಿಮೆ. ಕಟ್ಟಿದರೆ ಬರೀ ಥಿನ್ನರನ್ನೇ ದೂರದಿಂದ ತೆಳುವಾಗಿ ಸ್ಪ್ರೇ ಮಾಡಿ, ಹೋಗುತ್ತದೆ. ಒಂದು ದಿನ ಆರಬೇಕು. ಹೇರ್‌ಸ್ಪ್ರೇಯನ್ನು ಲೋಟಕ್ಕೆ ಬಿಟ್ಟು, ಗುಳ್ಳೆ ನಿಲ್ಲುವ ತನಕ ಅರ್ಧ ಗಂಟೆ ಇಟ್ಟು, ಏರ್‌ಬ್ರಷ್‌ನ 0.3 ಮಿ.ಮೀ. ನಾಝಲ್‌ನಲ್ಲಿ ಬೆಚ್ಚಗಿನ ಭಾಗದ ಮೇಲೆ ಎರಡು ತೆಳು ಪದರ. ಹಸಿರಿಗೆ ತಮಿಯಾ ಅಕ್ರಿಲಿಕ್, ತೆಳು ಮಾಡಲು ಅರ್ಧ ಎಕ್ಸ್-20ಎ (ತಮಿಯಾದ್ದೇ ಥಿನ್ನರ್), ಅರ್ಧ ನೀರು, ಗಾಳಿಯ ಒತ್ತಡ 15 ಪಿಎಸ್‌ಐ. ಅಡಿಯ ಕಂದು ಮಸುಕಾಗಿ ಕಾಣುವಾಗಲೇ ನಿಲ್ಲಿಸಿ, ಹತ್ತು ನಿಮಿಷ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ ಮೇಲೆ ಮತ್ತೊಂದು ಹಗುರ ಪದರ.

ಮುಖ್ಯ ವಿಷಯ: ಒಂದು ಸಲಕ್ಕೆ ಒಂದೇ ಅಂಗ. ಹೇರ್‌ಸ್ಪ್ರೇಯಿಂದ ಚಿಪ್ಪಿಂಗ್ ಮುಗಿಯುವ ತನಕ ಒಂದು ಗಂಟೆಯೊಳಗೆ ಆಗಬೇಕು. ಎಡಗಾಲು ಪೂರ್ತಿ ಮುಗಿಸಿ, ಮ್ಯಾಟ್ (ಹೊಳಪಿಲ್ಲದ ಪಾರದರ್ಶಕ ಪದರ) ಹೊಡೆದು, ಆಮೇಲೆ ಬಲಗಾಲು. ಐದು ಸಂಜೆ ಹಿಡಿಯಿತು, ಹಾಳಾದದ್ದು ಸೊನ್ನೆ.

ಚಿಪ್ ಮಾಡುವಾಗ ಉಗುರುಬೆಚ್ಚಗಿನ ನೀರು ಸವರಿ ಅರ್ಧ ನಿಮಿಷ ಬಿಡಿ. ಕೂದಲನ್ನು 3 ಮಿ.ಮೀ.ಗೆ ಕತ್ತರಿಸಿದ ಹಳೇ ಬ್ರಷ್ಷಿನಿಂದ ಅಂಚಿನಲ್ಲಿ ಕುಟ್ಟುತ್ತಾ ಬನ್ನಿ, ಉಜ್ಜಬೇಡಿ. ಮೊದಲು ಹಸಿರು ಸ್ವಲ್ಪ ಕಪ್ಪಾಗುತ್ತದೆ, ಆಮೇಲೆ ಸೂಜಿಮೊನೆಯಷ್ಟು ಜಾಗ ಒಡೆಯುತ್ತದೆ. ಅಲ್ಲಿಗೇ ಕೈ ತೆಗೆಯಬೇಕು. 17.5 ಮೀಟರ್‌ನ ಯಂತ್ರ ಇಲ್ಲಿ 12 ಸೆಂ.ಮೀ. ಆಗಿದೆ, ಒಂದು ಮಿ.ಮೀ. ಎಂದರೆ ನಿಜದಲ್ಲಿ 14 ಸೆಂ.ಮೀ.ಗಿಂತ ಹೆಚ್ಚು. ಎದೆಯ ಮೇಲೆ ಮೂರು ಮಿ.ಮೀ. ಸಿಪ್ಪೆ ಎಬ್ಬಿಸಿದರೆ ಅದು ಬಾಣಲೆಯಗಲದ ಗಾಯ. ಪಾದ, ಮೊಣಕಾಲು, ಭುಜದ ಗುರಾಣಿಯ ಅಂಚು ಸಾಕು. ಕಂದು ಅಡಿಗೆ ನಾನು ಬೆರೆಸುವ ಇನ್ನೊಂದು ಬಣ್ಣ ಯಾವುದೆಂದು ಎಲ್ಲರೂ ಕೇಳುತ್ತಾರೆ. ಅದು ನನ್ನಲ್ಲೇ ಇರಲಿ.

ವಾಶ್‌ಗೆ (ಸಂದುಗಳಲ್ಲಿ ಇಳಿದು ಕೂರುವ ತೆಳು ಬಣ್ಣ) ಬರ್ಂಟ್ ಅಂಬರ್ ಎಣ್ಣೆಬಣ್ಣವನ್ನು ರಟ್ಟಿನ ಮೇಲೆ ಒಂದು ಗಂಟೆ ಇಟ್ಟು ಎಣ್ಣೆ ಹೀರಿಸಿದ ಮೇಲೆ ಟರ್ಪೆಂಟೈನ್‌ನಲ್ಲಿ. ಭಾಗಗಳನ್ನು ಬಿಚ್ಚಿಯೇ ಹಚ್ಚಿ. ಜೋಡಿಸಿಟ್ಟು ಹಚ್ಚಿದರೆ ಬಿಗಿಯಾಗಿ ಕೂತ ಗೂಟದ ಸುತ್ತ ದ್ರವ ಇಳಿದು ಪ್ಲಾಸ್ಟಿಕ್ ಸೀಳುತ್ತದೆ. ನನ್ನ ಸೊಂಟದ ಕೀಲು ಹೋದದ್ದು ಹಾಗೆಯೇ.

ನಡುವೆ ಒಂದು ಪ್ರಯೋಗ. ಪಿಗ್ಮೆಂಟ್ (ಒಣ ಬಣ್ಣದ ಪುಡಿ) ಬಾಟಲಿಗೆ ಐನೂರು ಕೊಡುವ ಬದಲು ಹಿತ್ತಲಿನ ಕೆಮ್ಮಣ್ಣು ತಂದೆ. ಜರಡಿ ಹಿಡಿದದ್ದು ಸಾಲದು, 1/144ರಲ್ಲಿ ಪ್ರತಿ ಕಾಳೂ ಜಲ್ಲಿಯಂತೆ ಕಾಣುತ್ತದೆ. ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು, ಮೇಲಿನ ಕೆನ್ನೀರನ್ನು ಮಾತ್ರ ಬಸಿದು ತಂಗಲು ಬಿಟ್ಟೆ. ಮೂರು ಸಲ ಹೀಗೆ ಮಾಡಿದರೆ ಕುಂಕುಮಕ್ಕಿಂತ ನುಣುಪು. ಬರೀ ಅದೇ ಆದರೆ ತೀರಾ ಕೆಂಪು, ನಾಲ್ಕಕ್ಕೆ ಒಂದು ಪಾಲು ಇದ್ದಿಲ ಪುಡಿ ಬೆರೆಸಿದ ಮೇಲೆ ಒಪ್ಪಿತು. ಪಾದಕ್ಕೆ ಉದುರಿಸಿ, ಬ್ರಷ್ ತುದಿಯಿಂದ ಟರ್ಪೆಂಟೈನ್ ಹನಿ ತಾಗಿಸಿದರೆ ತಾನಾಗಿ ಹೀರಿ ಕೂರುತ್ತದೆ. ಇದರ ಮೇಲೆ ಮ್ಯಾಟ್ ಹೊಡೆಯಬೇಡಿ, ಅರ್ಧ ಧೂಳು ಮಾಯವಾಗಿ ಉಳಿದದ್ದು ಕಪ್ಪಾಗುತ್ತದೆ.

ಎಲ್ಲ ಸೇರಿ ಖರ್ಚು: ಕಿಟ್ ಎರಡಕ್ಕೆ ನಾಲ್ಕು ಸಾವಿರ, ಬಣ್ಣ ಮತ್ತು ಥಿನ್ನರ್ ಎರಡೂವರೆ, ಹೇರ್‌ಸ್ಪ್ರೇ ಮುನ್ನೂರು. ಬಣ್ಣ ಹಚ್ಚಿ ನೋಡಿದ ಪ್ಲಾಸ್ಟಿಕ್ ಚಮಚಗಳು ಮೂವತ್ತರ ಮೇಲೆ. ಮುಂದಿನದಕ್ಕೆ ಅಡಿಯಲ್ಲಿ ಕಂದಿನ ಬದಲು ಎರಡು ಬಣ್ಣ, ನಡುವೆಯೂ ಹೇರ್‌ಸ್ಪ್ರೇ. ಚಮಚದ ಮೇಲೆ ಬಂದಿದೆ, ಕಿಟ್ ಮೇಲೆ ಈ ಆಗಸ್ಟ್‌ನಲ್ಲೇ ಮಾಡುತ್ತೇನೆ.