ಕಡಲ ದಂಡೆಯ ಹಳ್ಳಿ ಸುತ್ತಬೇಕಾ? ಮೊದಲು ಇಳಿತದ ಹೊತ್ತು ಕೇಳಿ

ನಡು ಮಧ್ಯಾಹ್ನ ಬಂದಿಳಿದು, ರೂಮಲ್ಲಿ ಬ್ಯಾಗ್ ಎಸೆದು, ಸುಡುವ ಮರಳಲ್ಲಿ ನಾಲ್ಕು ಫೋಟೊ ತೆಗೆದು "ಇಲ್ಲಿ ನೋಡೋಕೆ ಏನೂ ಇಲ್ಲ" ಅಂತ ವಾಪಸ್ ಹೋಗುವವರೇ ಜಾಸ್ತಿ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ತಪ್ಪು ಊರಿನದ್ದಲ್ಲ, ಹೋದ ಹೊತ್ತಿನದ್ದು.

ಹಾಗಾಗಿ ಮೊದಲು ಉಬ್ಬರ ಇಳಿತ ಎಷ್ಟು ಹೊತ್ತಿಗೆ ಅಂತ ತಿಳಿದುಕೊಳ್ಳಿ. ಆ್ಯಪ್ ನೋಡಬಹುದು, ದೋಣಿಯವರನ್ನು ಕೇಳಿದರೆ ಇನ್ನೂ ಒಳ್ಳೆಯದು. ಹೆಚ್ಚಿನ ಕಡಲತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಿಗ್ಗೆ 7ಕ್ಕೆ ಇಳಿತವಿದ್ದರೆ ನಾಳೆ ಅದು 8 ಗಂಟೆಯ ಹತ್ತಿರ ಹೋಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಇನ್ನೂ ಚೆಂದ, ಯಾಕೆಂದರೆ ಆಗ ಸೂರ್ಯ ಚಂದ್ರ ಎರಡರ ಸೆಳೆತವೂ ಸೇರಿ ನೀರು ಉಳಿದ ದಿನಗಳಿಗಿಂತ ದೂರ ಹಿಂದೆ ಸರಿಯುತ್ತದೆ.

ಇಳಿತಕ್ಕೆ ಒಂದು ಗಂಟೆ ಮೊದಲೇ ಬಂಡೆಗಳ ಹತ್ತಿರ ಇರಿ. ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನ ಪಕ್ಕ ಐದು ನಿಮಿಷ ಸುಮ್ನೆ ಕೂತರೆ ಸಾಕು, ಖಾಲಿ ಅಂದುಕೊಂಡ ಚಿಪ್ಪು ಮೆಲ್ಲಗೆ ನಡೆಯೋಕೆ ಶುರು ಮಾಡುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಅದಕ್ಕೆ ಸ್ವಂತ ಚಿಪ್ಪಿಲ್ಲ, ಬೆಳೆದ ಹಾಗೆ ದೊಡ್ಡ ಚಿಪ್ಪು ಹುಡುಕಿಕೊಳ್ಳಬೇಕು, ಆದ್ದರಿಂದ ಬರಿದಾದ ಚಿಪ್ಪನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಹಸಿರು ಪಾಚಿಯ ಮೇಲೆ ಕಾಲಿಟ್ಟರೆ ಜಾರುವುದು ಗ್ಯಾರಂಟಿ. ನೀರು ಏರತೊಡಗಿದ ಕೂಡಲೇ ವಾಪಸ್ ಹೊರಡಿ, ಬಂದ ದಾರಿಯೇ ಮುಳುಗಿಬಿಡಬಹುದು.

ಈಜುವ ಆಸೆ ಇದ್ದರೆ ಇದೊಂದು ನೆನಪಿರಲಿ. ಎರಡೂ ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಂಡೆಗೆ ಬಂದ ನೀರು ಒಳಕ್ಕೆ ಎಳೆದುಕೊಂಡು ಹೋಗುವುದು ಎಷ್ಟೋ ಸಲ ಅಲ್ಲಿಂದಲೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ.

ದೋಣಿಗಳು ದಡಕ್ಕೆ ಬರುವುದನ್ನೂ ನೋಡಿ, ಅದು ಹೆಚ್ಚಾಗಿ ನಸುಕಿನಲ್ಲೇ. ಅದು ಅವರ ದುಡಿಮೆಯ ಹೊತ್ತು ಅಲ್ವಾ, ದಾರಿಗೆ ಅಡ್ಡ ನಿಲ್ಲಬೇಡಿ, ಹರಡಿದ ಬಲೆ ತುಳಿಯಬೇಡಿ, ಕೇಳಿಯೇ ಫೋಟೊ ತೆಗೆಯಿರಿ.

ದೀಪಸ್ತಂಭ ಇದ್ದರೆ ಹಗಲು ಹತ್ತಲು ಬಿಡುತ್ತಾರಾ ವಿಚಾರಿಸಿ. ಬಿಡದಿದ್ದರೂ ಬೇಜಾರಿಲ್ಲ. ಕತ್ತಲಾದ ಮೇಲೆ ದಂಡೆಯಲ್ಲಿ ಕೂತು ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿ. ಅಕ್ಕಪಕ್ಕದ ದೀಪಗಳ ಲಯ ಬೇರೆ ಬೇರೆ ಇರುತ್ತದೆ, ಹಡಗಿನವರು ಇದು ಯಾವ ದೀಪ ಅಂತ ಗುರುತು ಹಿಡಿಯುವುದು ಆ ಎಣಿಕೆಯಿಂದಲೇ.