ಹೆಂಪ್ ಬೀಜದ ಜೊತೆ ಬರಬೇಕಾದ ಕಾಗದ

ಕಾಪು, ಕಾರ್ಕಳ ಕಡೆಯಿಂದ ಫೋನ್ ಮಾಡುವವರು ಮೊದಲು ಕೇಳುವುದು, "ಅಡಿಕೆ ತೋಟದ ಮಧ್ಯೆ ಹೆಂಪ್ ಹಾಕ್ಬಹುದಾ?" ಬೇಡ ಮಾರಾಯ್ರೆ ಎನ್ನುತ್ತೇನೆ. ಹೆಂಪ್ ಎಂದರೆ ಗಾಂಜಾ ಜಾತಿಯದ್ದೇ ಗಿಡ, ಅಮಲಿನ ಅಂಶ ಕಡಿಮೆ ಇರುವಂಥದ್ದು. ಅನುಮತಿ ಇಲ್ಲದೆ ಬೆಳೆದರೆ 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಾರಿಗೆ, ಬೀಜಕ್ಕೆ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಎಂದು 14ನೇ ಸೆಕ್ಷನ್‌ನಲ್ಲಿ ಉಂಟು. ಉತ್ತರಾಖಂಡ 2018ರಲ್ಲಿ ಆ ದಾರಿ ಹಿಡಿಯಿತು. ನಾನು ಅಲ್ಲಿನ ಬೀಜ ತರಿಸಿ, ಮಂಗಳೂರಲ್ಲಿ ಹುರಿದು ಪ್ಯಾಕ್ ಮಾಡಿ ಮಾರುವವ. 2021ರ ನವೆಂಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿದ ಮೇಲೆಯೇ ಇದಕ್ಕೆ ಕೈ ಹಾಕಿದ್ದು.

ಬೆಳೆಗಾರರ ಲೈಸೆನ್ಸ್ ಪ್ರತಿ, ಜಿಎಸ್‌ಟಿ ಬಿಲ್ಲು ಕೇಳಿದರೆ ಸಿಗುತ್ತವೆ. ತಲೆ ತಿನ್ನುವುದು ಲ್ಯಾಬ್ ರಿಪೋರ್ಟು. "ಟಿಎಚ್‌ಸಿ ಶೇ. 0.3ಕ್ಕಿಂತ ಕಡಿಮೆ" ಎಂದು ಬರೆದು ಕಳಿಸುತ್ತಾರೆ. ಟಿಎಚ್‌ಸಿ ಎಂದರೆ ಅಮಲು ಬರಿಸುವ ಅಂಶ. ಆ 0.3 ಹೊಲದಲ್ಲಿ ನಿಂತ ಗಿಡದ ಮಿತಿ. ಲೆಕ್ಕ ಹಾಕಿದರೆ ಕಿಲೋಗೆ 3000 ಮಿಲಿಗ್ರಾಂ. ತಿನ್ನುವ ಬೀಜಕ್ಕೆ ಇರುವ ಮಿತಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಗೆ 10. ಆದ್ದರಿಂದ ಆಯಾ ಬ್ಯಾಚ್ ಬೀಜದ್ದೇ ರಿಪೋರ್ಟು, ಮಿಲಿಗ್ರಾಂ ಲೆಕ್ಕದಲ್ಲಿ ಕೈಗೆ ಬರುವವರೆಗೆ ನಾನು ದುಡ್ಡು ಹಾಕುವುದಿಲ್ಲ.

ಬೀಜದ ಒಳಗೆ ಟಿಎಚ್‌ಸಿ ಇಲ್ಲವೆನ್ನುವಷ್ಟು ಕಡಿಮೆ. ಅದು ಇರುವ ಹೂತೆನೆಯ ಅಂಟು ಬೀಜದ ಸಿಪ್ಪೆಗೆ ಮೆತ್ತಿಕೊಂಡು ಬರುತ್ತದೆ. ಕಾಯ್ದೆಯ ಪ್ರಕಾರವೂ ಗಾಂಜಾ ಎಂದರೆ ಹೂತೆನೆ, ಕಾಯಿತೆನೆ. ತೆನೆ ಜೊತೆಗಿಲ್ಲದ ಬೀಜ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಚೀಲ ಇಳಿಸುವ ಮೊದಲು ಬೊಗಸೆ ಬೀಜ ಬಿಳಿ ಬಟ್ಟೆಯ ಮೇಲೆ ಹರಡಿ ನೋಡುತ್ತೇನೆ. ಒಣ ಹೂವಿನ ಒಂದು ಚೂರು ಕಂಡರೂ ಆ ಲೋಡು ವಾಪಸ್. ದಾಕ್ಷಿಣ್ಯ ಮಾಡುವ ಜಾಗ ಇದಲ್ಲ.

ಸ್ಟಾಕ್ ಪುಸ್ತಕದಲ್ಲಿ ಬಂದದ್ದು, ಹುರಿದದ್ದು, ಮಾರಿದ್ದು, ಉಳಿದದ್ದು ಬ್ಯಾಚ್ ನಂಬರಿನ ಜೊತೆ. ನಮ್ಮೂರಿಗೆ ಇನ್ನೊಂದು ಕಾಲಂ ಬೇಕೇ ಬೇಕು: ತೂಕದ ವ್ಯತ್ಯಾಸ. ಜೂನ್‌ನಲ್ಲಿ ಬಾಯಿ ಬಿಚ್ಚಿಟ್ಟ ಚೀಲ ತೇವ ಕುಡಿದು ತೂಕ ಏರುತ್ತದೆ, ಹುರಿದರೆ ಇಳಿಯುತ್ತದೆ. ಇದನ್ನು ಅಂದಂದೇ ಬರೆಯದಿದ್ದರೆ, ತಪಾಸಣೆಗೆ ಬಂದವರಿಗೆ ಪುಸ್ತಕಕ್ಕಿಂತ ಹೆಚ್ಚು ಮಾಲು ಗೋಡೌನ್‌ನಲ್ಲಿ ಕಂಡೀತು. ಮಳೆಯೆಂದು ಆಗ ಹೇಳಿದರೆ ಯಾರು ನಂಬುತ್ತಾರೆ?

ಪ್ಯಾಕೆಟ್ ಮೇಲೆ ಗಾಂಜಾ ಎಲೆಯ ಚಿತ್ರ ಹಾಕುವ ಹಾಗಿಲ್ಲ, ಬೀಜದ್ದು ಹಾಕಬಹುದು. ಡಿಸೈನ್ ಮಾಡುವ ಹುಡುಗನಿಗೆ ಬಹಳ ಬೇಸರವಾಯಿತು. ಅಂಗಡಿಯವರಂತೂ ಈಗ ನಮ್ಮ ಪ್ಯಾಕೆಟನ್ನು ಕೊತ್ತಂಬರಿ ಪ್ಯಾಕೆಟ್‌ಗಳ ಪಕ್ಕದಲ್ಲೇ ಇಡುತ್ತಾರೆ.