ಖಗ್ರಾಸಕ್ಕೆ ಹಳೇ ದುರ್ಬೀನೇ ಸಾಕಾಯಿತು

"ಒಂದು ದುರ್ಬೀನು, ಒಂದು ಫೋನು. ಇಷ್ಟಕ್ಕೆ ಖಗ್ರಾಸ ಸಿಕ್ಕುತ್ತಾ ಮಾರಾಯ್ರೆ?" ಅಂತ ನಗಾಡಿದ ಶಿವಮೊಗ್ಗದ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. 2024ರ ಏಪ್ರಿಲ್ 8ರ ಖಗ್ರಾಸ ಸೂರ್ಯಗ್ರಹಣದ, ಅಂದರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದ್ದರ, ವಿಡಿಯೊ ನೋಡಿದ ಮೇಲೆ ಅವರೇ ಮನೆಗೆ ಬಂದು, ಕಾಫಿ ಕುಡಿದು, ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಮೊದಲು ಸೋತ ಕತೆ. 2009ರ ಜುಲೈ 22ರ ಖಗ್ರಾಸ. ಅವತ್ತು ಭೀಮನ ಅಮಾವಾಸ್ಯೆ. ಊರಲ್ಲಿ ಹೆಂಡತಿ ಗಂಡನ ಪೂಜೆ ಮಾಡಬೇಕಾದ ದಿನ ಗಂಡ ಸೂರತ್‌ನಲ್ಲಿ ತಾಪಿ ನದಿ ದಂಡೆ ಮೇಲೆ ಕೊಡೆ ಹಿಡಿದು ನಿಂತಿದ್ದ. ಬೆಳಿಗ್ಗೆ ಆರೂಕಾಲು ದಾಟಿದ ಮೇಲೆ ಕತ್ತಲಾಯಿತು. ಮೂರು ನಿಮಿಷದ ಮೇಲೆ ಬೆಳಕಾಯಿತು. ಸೂರ್ಯ ಯಾವ ದಿಕ್ಕಿಗಿದ್ದ ಅಂತಲೂ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ವಾರಾಣಸಿಯಲ್ಲಿ ಗಂಗೆ ಮೇಲೆ ಚೆನ್ನಾಗಿ ಕಂಡಿತ್ತು. ರೈಲು, ಲಾಡ್ಜು ಸೇರಿ ಆಗಲೇ ಏಳೆಂಟು ಸಾವಿರ ಖರ್ಚು. ಮೋಡ ನೋಡಲು ಸೂರತ್ ಯಾಕೆ, ಆಗುಂಬೆ ಸಾಲದಾ ಅಂತ ಮನೆಯಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡೆ.

ಎರಡನೆಯದು 2019ರ ಡಿಸೆಂಬರ್ 26ರ ಕಂಕಣ ಗ್ರಹಣ, ಸೂರ್ಯನ ಅಂಚು ಮಾತ್ರ ಬಳೆಯ ಹಾಗೆ ಉಳಿಯುವಂಥದ್ದು. ಕತ್ತಲಲ್ಲೇ ಆಗುಂಬೆ ಘಾಟಿ ಇಳಿದು ಮಂಗಳೂರು ಸೇರಿದೆ. ಬಾಡಿಗೆಗೆ ದೊಡ್ಡ ಲೆನ್ಸು ತಂದಿದ್ದೆ, ದಿನಕ್ಕೆ ಎರಡು ಸಾವಿರವೇನೋ. ಅದರ ಫೋಕಸ್ ನಿಲ್ಲಲೇ ಇಲ್ಲ. ತಿರುಗಿಸುತ್ತಾ, ಬೈಯುತ್ತಾ ಕೂತೆ. ಒಂಬತ್ತೂವರೆಗೆ ಸ್ವಲ್ಪ ಮುಂಚೆ ಸುತ್ತಲಿನವರು ಹೋ ಅಂದರು. ನಾನು ಬಿಸಿಲು ತಡೆಯುವ ಫಿಲ್ಟರ್ ಹಿಡಿದು ತಲೆ ಎತ್ತುವ ಹೊತ್ತಿಗೆ ಬಳೆ ಒಡೆದಿತ್ತು.

ಅವತ್ತೇ ತೀರ್ಮಾನ ಮಾಡಿದೆ. ಮುಂದಿನ ಸಲ ಸಾಮಾನು ಕಡಿಮೆ, ತಾಲೀಮು ಜಾಸ್ತಿ.

ಮಗಳು ಇರುವುದು ಅಮೆರಿಕದ ನೋಬಲ್ಸ್‌ವಿಲ್‌ನಲ್ಲಿ. ಇಂಡಿಯಾನಾಪೊಲಿಸ್‌ನ ಮಗ್ಗುಲಿನ ಊರು, ವೈಟ್ ನದಿ ಪಕ್ಕದಲ್ಲೇ ಹರಿಯುತ್ತದೆ. ಖಗ್ರಾಸ ಕಾಣುವ ಪಟ್ಟಿ, ಅಂದರೆ ಚಂದ್ರನ ನೆರಳಿನ ದಾರಿ, ಅವಳ ಮನೆ ಮೇಲೇ ಹಾದುಹೋಗುವುದಿತ್ತು. ಗೆಳೆಯರು ಟೆಕ್ಸಾಸ್‌ಗೆ ಹೋಗಿ ಅಂದರು. ಹಿಂದಿನ ವರ್ಷಗಳ ಮೋಡದ ಲೆಕ್ಕ ತೆಗೆದರೆ ಅದೇ ಒಳ್ಳೆಯ ಜಾಗ, ಒಪ್ಪುತ್ತೇನೆ. ಜೊತೆಗೆ ಪೇಟೆ ಬೆಳಕಿನಲ್ಲಿ ಏನೂ ಕಾಣಲ್ಲ ಅಂತಲೂ ಹೆದರಿಸಿದರು. ಖಗ್ರಾಸದ ಕತ್ತಲು ಮುಸ್ಸಂಜೆಯಷ್ಟೇ, ಅದಕ್ಕೆ ಬೀದಿ ದೀಪ ಏನು ಮಾಡೀತು? ನಾನು ಜಾಗ ಬದಲಿಸಲಿಲ್ಲ.

ಸಾಮಾನು ಇಷ್ಟೇ: ಹಳೇ 10x50 ದುರ್ಬೀನು, ಟ್ರೈಪಾಡು, ಫೋನ್ ಹಿಡಿಯುವ ಕ್ಲಿಪ್ಪು. ದುರ್ಬೀನಿನ ಬಲಗಣ್ಣಿಗೆ ಫೋನು, ಎಡಗಣ್ಣಿಗೆ ನಾನು. ಫೋನಿನ ಮೈ ಹೊರಗೆ ಚಾಚಿಕೊಂಡಿರಬೇಕು, ಇಲ್ಲದಿದ್ದರೆ ಮೂಗಿಗೆ ಬಡಿಯುತ್ತದೆ. ಮುಂದಿನ ಎರಡೂ ಬಾಯಿಗೆ ಸೇರಿಸಿ ಫಿಲ್ಟರಿನ ಒಂದೇ ಟೋಪಿ. ಅದನ್ನು ಅಡಿಕೆ ಹಾಳೆಯಲ್ಲಿ ಮಾಡಿದ್ದೆ, ಬಹಳ ಗಟ್ಟಿಯಾಗಿತ್ತು. ವಿಮಾನ ನಿಲ್ದಾಣದಲ್ಲಿ ಗಿಡಮರದ ವಸ್ತು ಅಂತ ತಕರಾರು ತೆಗೆದರೆ ಕಷ್ಟ ಅಂತ ಮನೆಯಲ್ಲೇ ಬಿಟ್ಟೆ. ಅಲ್ಲಿ ಹೋಗಿ ಕಾರ್ನ್‌ಫ್ಲೇಕ್ಸ್ ಡಬ್ಬದಲ್ಲಿ ಮತ್ತೆ ಮಾಡಿದೆ. ದುರ್ಬೀನು ಅಲುಗದ ಹಾಗೆ ಆ ಟೋಪಿ ಒಂದೇ ಎಳೆತಕ್ಕೆ ಬರಬೇಕು. ಅದಕ್ಕೊಂದು ಉಪಾಯ ಇದೆ. ಇಲ್ಲಿ ಬರೆಯಲ್ಲ, ಬೇಕಾದವರು ಮನೆಗೆ ಬನ್ನಿ.

ತಾಲೀಮು ಎಲ್ಲಾ ಇಲ್ಲೇ. ಅಲ್ಲಿ ಖಗ್ರಾಸ ಮಧ್ಯಾಹ್ನ ಮೂರರ ಮೇಲೆ, ಸೂರ್ಯ ಸುಮಾರು 49 ಡಿಗ್ರಿ ಎತ್ತರದಲ್ಲಿ. ಫೆಬ್ರುವರಿ ನಡುವಿನಲ್ಲಿ ಶಿವಮೊಗ್ಗದ ಮೂರು ಗಂಟೆ ಬಿಸಿಲಿಗೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ದಿನಾ ಹೋಗಿ ತುಂಗೆ ದಡದಲ್ಲಿ ಟ್ರೈಪಾಡು ಹೂಡಿದೆ. ದನ ಕಾಯುವ ಹುಡುಗ ಸರ್ವೆಯವರು ಅಂದುಕೊಂಡು, ರಸ್ತೆ ಯಾವಾಗ ಸಾರ್ ಅಂತ ಕೇಳಿದ್ದೂ ಆಯಿತು. ಫೋನಿನ ಬೆಳಕು ಹೊಂದಿಸಲು ಹುಣ್ಣಿಮೆ ರಾತ್ರಿ ಗಾಜನೂರಿಗೆ ಹೋಗುತ್ತಿದ್ದೆ. ಖಗ್ರಾಸದಲ್ಲಿ ಸೂರ್ಯನ ಸುತ್ತ ಕಾಣುವ ಬಿಳಿ ಪ್ರಭೆ, ಅಂದರೆ ಕರೋನಾದ ಬೆಳಕು, ಹುಣ್ಣಿಮೆ ಚಂದ್ರನ ಬೆಳಕಿಗೆ ಹತ್ತಿರ ಹತ್ತಿರ. ಚಂದ್ರನ ಮೇಲೆ ಸರಿಹೊಂದಿದ್ದನ್ನು ಬರೆದಿಟ್ಟುಕೊಂಡು, ಅಲ್ಲಿ ಹಾಗೇ ಲಾಕ್ ಮಾಡಿದೆ. ಫೋನ್ ತನ್ನಷ್ಟಕ್ಕೆ ಬಿಟ್ಟರೆ ಎಲ್ಲಾ ಬಿಳಿ ಬಿಳಿ.

ಇನ್ನೊಂದು ಫೋನಿನಲ್ಲಿ ಹೆಂಡತಿಯ ದನಿ ರೆಕಾರ್ಡ್ ಮಾಡಿದ್ದೆ. ಸೆಕೆಂಡಿನ ಲೆಕ್ಕದಲ್ಲಿ ಒಂದೊಂದೇ ಮಾತು: "ಟೋಪಿ ತೆಗೀರಿ." "ಇನ್ನು ಮುಟ್ಬೇಡಿ." "ತಲೆ ಎತ್ತಿ ನೋಡಿ." "ಸಾಕು, ಮುಚ್ಚಿ." ಮೊದಲು ನನ್ನ ದನಿಯಲ್ಲೇ ಮಾಡಿದ್ದೆ, ನಾನೇ ಕೇಳುತ್ತಿರಲಿಲ್ಲ.

ಏಪ್ರಿಲ್ 8, ಯುಗಾದಿಯ ಹಿಂದಿನ ದಿನ. ನದಿ ದಂಡೆ ಹುಲ್ಲಿನ ಮೇಲೆ ಜನ ಕುರ್ಚಿ ಹಾಕಿಕೊಂಡು ಜಾತ್ರೆಯ ಹಾಗೆ ಕೂತಿದ್ದರು. ತೀರ ತೆಳುವಾದ ಮೋಡವಿತ್ತು. ಸೂರತ್ ನೆನಪಾಗಿ ಹೊಟ್ಟೆ ತೊಳೆಸಿತು. ಇವಳು, ನನ್ನ ಹೆಂಡತಿ, ಬೆಳಗಿನಿಂದ ಉಪವಾಸ. ನಮ್ಮೂರಲ್ಲಿ ಗ್ರಹಣ ಕಾಣಲ್ಲ, ಆಚರಣೆ ಇಲ್ಲ ಅಂದರೆ, "ನಾವೀಗ ನಮ್ಮೂರಲ್ಲಿ ಇದ್ದೀವಾ?" ಅಂದಳು. ಉತ್ತರ ಇರಲಿಲ್ಲ.

ಮೂರು ಗಂಟೆ ಆರು ನಿಮಿಷದ ಮೇಲೆ ಬೆಳಕು ಸರ್ರನೆ ಇಳಿಯಿತು. ಚಳಿ ಹತ್ತಿತು. ರೆಕಾರ್ಡಿನ ದನಿ ಬಂತು, ಟೋಪಿ ಎಳೆದೆ. ಕರೀ ಬಿಲ್ಲೆಯ ಸುತ್ತಲೂ ಬಿಳಿ ಎಳೆಗಳು, ಕೆಳಗಿನ ಅಂಚಿನಲ್ಲಿ ಕೆಂಡದ ಕಿಡಿಯ ಹಾಗೆ ಗುಲಾಬಿ ಚುಕ್ಕೆ. ಪಕ್ಕದಲ್ಲಿ ಶುಕ್ರ, ಇನ್ನೊಂದು ಕಡೆ ಗುರು. ಟ್ರೈಪಾಡು ಮುಟ್ಟಲೇ ಇಲ್ಲ. ಮೂರು ನಿಮಿಷದಲ್ಲಿ ಸೂರ್ಯ ಸರಿಯುವುದು ಒಂದೂವರೆ ಸೂರ್ಯನಷ್ಟು, ಚೌಕಟ್ಟಿನೊಳಗೇ ಇರುತ್ತಾನೆ. "ತಲೆ ಎತ್ತಿ ನೋಡಿ" ಅಂದಾಗ ಎತ್ತಿದೆ. ಪಕ್ಕದಲ್ಲಿ ಇವಳು ಕೈ ಮುಗಿದು ನಿಂತಿದ್ದಳು. ವಿಡಿಯೊದಲ್ಲಿ ಅವಳ ದನಿ ಎರಡೆರಡು ಸಲ ಕೇಳುತ್ತದೆ, ಒಂದು ರೆಕಾರ್ಡಿನದು, ಇನ್ನೊಂದು "ಅಯ್ಯೋ ದೇವರೇ".

ಖಗ್ರಾಸದ ಆಸುಪಾಸಿನಲ್ಲಿ ನೆಲದ ಮೇಲೆ ಹರಿದಾಡುವ ಪಟ್ಟೆ ನೆರಳು ಹಿಡಿಯಲು ಬಿಳೀ ಪಂಚೆ ಹಾಸಿದ್ದೆ. ನನಗೆ ಕಂಡ ಹಾಗಾಯಿತು, ಮೊಮ್ಮಗಳು ಏನೂ ಇಲ್ಲ ಅಜ್ಜ ಅಂದಳು. ಜರಡಿ ಹಿಡಿದಾಗ ಅರೆಮುಚ್ಚಿದ ಸೂರ್ಯ ತೂತುಗಳಿಂದ ನೆಲದ ಮೇಲೆ ನೂರಾರು ಚಂದ್ರರ ಹಾಗೆ ಬಿದ್ದದ್ದನ್ನು ಮಾತ್ರ ಅವಳೂ ಒಪ್ಪಿದಳು. ಟೆಕ್ಸಾಸ್‌ನಲ್ಲಿ ಬಹಳ ಕಡೆ ಮೋಡ ಕವಿದಿತ್ತಂತೆ. ಗೆಳೆಯರಿಗೆ ಆ ಸುದ್ದಿ ನಾನೇ ತಲುಪಿಸಿದೆ.

ಖರ್ಚು: ಫಿಲ್ಟರ್ ಹಾಳೆ ಎರಡೂವರೆ ಸಾವಿರ, ಕ್ಲಿಪ್ಪು ಏಳುನೂರೋ ಎಂಟುನೂರೋ. ದುರ್ಬೀನು ಮೊದಲೇ ಇತ್ತು. ವಿಮಾನದ ಟಿಕೆಟ್ ಲೆಕ್ಕಕ್ಕಿಲ್ಲ, ಮಗಳ ಮನೆಗೆ ಹೇಗಿದ್ದರೂ ಹೋಗುವುದೇ. ಇವಳು ಅದನ್ನೂ ಸೇರಿಸುತ್ತಾಳೆ.

ಫಿಲ್ಟರ್ ಹಾಳೆ ಅರ್ಧ ಉಳಿದಿದೆ. 2027ರ ಆಗಸ್ಟ್ 2ಕ್ಕೆ ಈಜಿಪ್ಟಿನ ನೈಲ್ ದಂಡೆಯ ಲಕ್ಸರ್‌ನಲ್ಲಿ ಆರು ನಿಮಿಷದ ಮೇಲೆ ಖಗ್ರಾಸ. ಅಲ್ಲಿ ಸೂರ್ಯ ನೆತ್ತಿ ಹತ್ತಿರ ಇರುತ್ತಾನೆ, ನನ್ನ ಟ್ರೈಪಾಡು ಅಷ್ಟು ಮೇಲಕ್ಕೆ ತಿರುಗಲ್ಲ. ಆಗಸ್ಟ್ ಮಳೆಯಲ್ಲಿ ಇಲ್ಲಿ ತಾಲೀಮು ಆಗುವ ಮಾತಲ್ಲ. ಅದಕ್ಕೇ ಇಲ್ಲೂ ಸೂರ್ಯ ನೆತ್ತಿ ಹತ್ತಿರ ಬರುವ ಏಪ್ರಿಲ್ ಬಿಸಿಲಲ್ಲಿ ಅಂಗಳದಲ್ಲಿ ಆರಾಮ ಕುರ್ಚಿ ಹಾಕಿ, ಅದರ ತೋಳಿಗೆ ದುರ್ಬೀನು ಕಟ್ಟಿ ನೋಡುತ್ತಿದ್ದೇನೆ. ಮೊನ್ನೆ ಹಗ್ಗ ಸಡಿಲಾಗಿ ಮುಖದ ಮೇಲೆ ಬಿತ್ತು. ಇವಳು ರೆಕಾರ್ಡಿಗೆ ಇನ್ನೊಂದು ಸಾಲು ಸೇರಿಸಿದ್ದಾಳೆ: "ಮೊದಲು ಹಗ್ಗ ನೋಡಿ."